ಬ್ಯಾಟರಿ ಸೈಕಲ್‌ನಲ್ಲಿ ಒಂದು ದಿನದ ಸುತ್ತಾಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ಯಾಟರಿ ಸೈಕಲ್ ಕುರಿತವು. ಉತ್ತರಗಳಲ್ಲಿರುವ ಲೆಕ್ಕಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಗಾಡಿಯನ್ನೇ ಹಿಡಿದಿದ್ದೇವೆ: ಹಿಂದಿನ ಚಕ್ರದ ಹಬ್‌ನೊಳಗೆ, ಅಂದರೆ ನಡುಭಾಗದಲ್ಲೇ, ಕೂರುವ 250 ವ್ಯಾಟ್ ಹಬ್ ಮೋಟಾರ್, 36 ವೋಲ್ಟ್ 10 ಆಂಪಿಯರ್-ಅವರ್ ಬ್ಯಾಟರಿ, ಸವಾರ 75 ಕೆ.ಜಿ., ಸೈಕಲ್ 25 ಕೆ.ಜಿ. ನಿಮ್ಮ ತೂಕ, ನಿಮ್ಮ ಬ್ಯಾಟರಿ ಬೇರೆಯಾಗಿದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಪ್ರಶ್ನೆ: ಅಂಗಡಿಯಲ್ಲಿ 60 ಕಿ.ಮೀ. ಓಡುತ್ತದೆ ಎಂದಿದ್ದರು. ನನಗೆ 25–28ಕ್ಕೇ ಬ್ಯಾಟರಿ ಖಾಲಿ. ಮೈಸೂರಿನಿಂದ ಶ್ರೀರಂಗಪಟ್ಟಣ, ರಂಗನತಿಟ್ಟು, ಕೆಆರ್‌ಎಸ್ ಸುತ್ತಿ ಬರುವ ಆಸೆ ಇದೆ. ಆಗುತ್ತದೆಯೇ? — ಮೈಸೂರಿನ ಓದುಗರು

ಆಗುತ್ತದೆ, ಪೆಡಲ್ ತುಳಿಯುವುದಾದರೆ. ನೀವು ಹೇಳಿದ ಅಂಕಿ ನೋಡಿದರೆ ಹೆಚ್ಚು ಹೊತ್ತು ತುಳಿಯದೆ ಥ್ರಾಟಲ್ (ಹಿಡಿಕೆಯ ಆಕ್ಸಿಲರೇಟರ್) ತಿರುಗಿಸಿಯೇ ಓಡಿಸುತ್ತಿದ್ದೀರಿ.

36 ವೋಲ್ಟನ್ನು 10 ಆಂಪಿಯರ್-ಅವರ್‌ನಿಂದ ಗುಣಿಸಿದರೆ 360 ವ್ಯಾಟ್-ಅವರ್; ಬ್ಯಾಟರಿಯಲ್ಲಿ ತುಂಬುವ ಶಕ್ತಿಯ ಅಳತೆ ಇದು. ಕೊನೆಯ ಹತ್ತರಲ್ಲೊಂದು ಪಾಲು ಬಿಟ್ಟರೆ ಕೈಗೆ ಸಿಗುವುದು 320. ಬರೀ ಥ್ರಾಟಲ್‌ನಲ್ಲಿ, ಸಮತಟ್ಟು ರಸ್ತೆಯಲ್ಲಿ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋದರೆ ಒಂದು ಕಿಲೋಮೀಟರಿಗೆ 12ರಿಂದ 15 ವ್ಯಾಟ್-ಅವರ್ ಹೋಗುತ್ತದೆ. ಅಲ್ಲಿಗೆ 25 ಕಿ.ಮೀ. ಆಸುಪಾಸು ಬಂತು, ನಿಮ್ಮ ಅನುಭವಕ್ಕೆ ಸರಿಯಾಗಿ. ಅದೇ ಪೆಡಲ್ ಅಸಿಸ್ಟ್ (ತುಳಿಯುವಾಗ ಮೋಟಾರ್ ಕೊಡುವ ಸಹಾಯದ ಮಟ್ಟ) 1 ಅಥವಾ 2ರಲ್ಲಿಟ್ಟು, 18ರಿಂದ 20ರ ವೇಗದಲ್ಲಿ ನೀವೂ ತುಳಿಯುತ್ತಾ ಹೋದರೆ 5ರಿಂದ 7 ವ್ಯಾಟ್-ಅವರ್ ಸಾಕು. ಅಂಗಡಿಯವರ 60 ಕಿ.ಮೀ. ಬಂದದ್ದು ಅಲ್ಲಿಂದ. ವೇಗ ಹೆಚ್ಚಿದಂತೆ ಗಾಳಿಯ ತಡೆ ಬಲು ಬೇಗ ಏರುತ್ತದೆ. ಆದ್ದರಿಂದ 25ರಿಂದ 18ಕ್ಕೆ ಇಳಿದರೆ ಆಗುವ ಉಳಿತಾಯ ಯಾವ ದುಬಾರಿ ಬಿಡಿಭಾಗದಿಂದಲೂ ಆಗುವುದಿಲ್ಲ. ಟಯರಿನ ಗಾಳಿಯನ್ನೂ ನೋಡಿ. 26 ಇಂಚಿನ ದಪ್ಪ ಟಯರಿಗೆ ಡಾಂಬರು ರಸ್ತೆಯಲ್ಲಿ 40ರಿಂದ 50 ಪಿಎಸ್‌ಐ ಬೇಕು. ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನು ನಂಬಬೇಡಿ, ಗೇಜ್ ಇರುವ ಪಂಪು ಒಂದಿರಲಿ.

ಇನ್ನು ದಾರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಸೈಕಲ್‌ಗಳಿಗೂ ಪ್ರವೇಶ ಇಲ್ಲ. ಸರ್ವಿಸ್ ರಸ್ತೆ ಹಿಡಿಯಿರಿ. ಬೆಳಗ್ಗೆ ಆರಕ್ಕೆ ಹೊರಟರೆ ಏಳರೊಳಗೆ ಶ್ರೀರಂಗಪಟ್ಟಣ. ದರಿಯಾ ದೌಲತ್, ಗುಂಬಜ್, ಸಂಗಮ ಎಲ್ಲವೂ ದ್ವೀಪದೊಳಗೇ ಇವೆ. ಅಲ್ಲಿಂದ ರಂಗನತಿಟ್ಟು ನಾಲ್ಕೈದು ಕಿ.ಮೀ. ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಬೆಳಗಿನ ದೋಣಿಗೇ ಹೋಗಿ. ಬಿಸಿಲೇರಿದ ಮೇಲೆ ಕಾಣುವುದು ಕಡಿಮೆ. ಆಮೇಲೆ ಬಲಮುರಿ, ಕೆಆರ್‌ಎಸ್, ಮತ್ತೆ ಮೈಸೂರು. ಎಲ್ಲ ಸೇರಿ 60 ಕಿ.ಮೀ. ಒಳಗೆ.

ಒಂದು ವಿಷಯ ಮರೆಯಬಾರದು: ಶ್ರೀರಂಗಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ಮೈಸೂರು ಸುಮಾರು 770. ಹೋಗುವಾಗ ಇಳಿಯುತ್ತೀರಿ, ಬರುವಾಗ ಏರುತ್ತೀರಿ. ಆ ಏರಿಗೇ ಬ್ಯಾಟರಿಯ ಹತ್ತನೇ ಒಂದು ಪಾಲು ಬೇಕು, ಅದೂ ದಣಿದ ಕಾಲು, ಮಧ್ಯಾಹ್ನದ ಬಿಸಿಲಿನ ಹೊತ್ತಿನಲ್ಲಿ. ಆದ್ದರಿಂದ ಬೆಳಗಿನ ತಂಪಿನಲ್ಲಿ ಮೋಟಾರ್ ಆಫ್ ಮಾಡಿ ತುಳಿಯಿರಿ, ಅಸಿಸ್ಟ್ ಅನ್ನು ವಾಪಸಿಗೆ ಉಳಿಸಿ. ಕೆಆರ್‌ಎಸ್ ತಲುಪುವಾಗ ಬ್ಯಾಟರಿ ಅರ್ಧದಷ್ಟಾದರೂ ಇರಲಿ.

ಪ್ರಶ್ನೆ: ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಇದೇ ಸೈಕಲ್‌ನಲ್ಲಿ ಹೋಗಿ ಬರಬಹುದೇ? ಕಳೆದ ಸಲ ಅರ್ಧ ಬೆಟ್ಟದಲ್ಲಿ ಮೋಟಾರ್ ಬಿಸಿಯಾಗಿ ನಿಂತೇಬಿಟ್ಟಿತು. — ಯಲಹಂಕದ ಓದುಗರು

ಹೋಗಿ ಬರುವುದಕ್ಕೆ ಈ ಬ್ಯಾಟರಿ ಸಾಲದು. ನಗರದಿಂದ ಬೆಟ್ಟಕ್ಕೇ ಸುಮಾರು 60 ಕಿ.ಮೀ. ಸೈಕಲ್ ಅನ್ನು ಕಾರಿನಲ್ಲೋ ಟೆಂಪೋದಲ್ಲೋ ನಂದಿ ಗ್ರಾಮದವರೆಗೆ ಒಯ್ದು, ಭೋಗನಂದೀಶ್ವರ ದೇವಸ್ಥಾನ ನೋಡಿ, ಅಲ್ಲಿಂದ ಸವಾರಿ ಶುರು ಮಾಡುವುದು ನಮ್ಮ ಸಲಹೆ. ಬೆಟ್ಟ ಬೇಡವೆಂದರೆ ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಹತ್ತಿರದಲ್ಲೇ ಇದೆ. ದ್ರಾಕ್ಷಿ ತೋಟಗಳ ನಡುವಿನ ಹಳ್ಳಿ ರಸ್ತೆಗಳಲ್ಲಿ ಬೆಟ್ಟವನ್ನು ಪಕ್ಕಕ್ಕಿಟ್ಟುಕೊಂಡು ಇಡೀ ಬೆಳಗ್ಗೆ ಸುತ್ತಬಹುದು.

ಬೆಟ್ಟವೇ ಬೇಕೆಂದರೆ ಲೆಕ್ಕ ಹೀಗೆ. ನೂರು ಕೆ.ಜಿ.ಯನ್ನು ನೂರು ಮೀಟರ್ ಎತ್ತಲು 27 ವ್ಯಾಟ್-ಅವರ್ ಬೇಕು. ಬುಡದಿಂದ ತುದಿಗೆ ಏಳೂವರೆ ಕಿ.ಮೀ. ಹಾದಿಯಲ್ಲಿ ಸುಮಾರು 450 ಮೀಟರ್ ಏರು. ಉರುಳುವ ತಡೆಯನ್ನೂ ಸೇರಿಸಿದರೆ 140 ವ್ಯಾಟ್-ಅವರ್ ಕೆಲಸ. ಅದರಲ್ಲಿ ಮೂರನೇ ಒಂದು ಪಾಲು ನೀವು ತುಳಿದರೆ, ಮೋಟಾರಿನ ನಷ್ಟವೂ ಸೇರಿ ಬ್ಯಾಟರಿಯಿಂದ 130ರಷ್ಟು ಹೋಗುತ್ತದೆ. ತುಳಿಯದೆ ಕೂತರೆ 230 ದಾಟುತ್ತದೆ. ಅಷ್ಟು ಹೊತ್ತಿಗೆ ಮೋಟಾರ್ ಕೈ ಬಿಟ್ಟಿರುತ್ತದೆ ಎನ್ನುವುದು ಬೇರೆ ಮಾತು.

ಮೋಟಾರ್ ನಿಂತದ್ದೇಕೆ? ಸೈಕಲ್ಲಿನ ಗೇರಿಗೂ ಹಬ್ ಮೋಟಾರಿಗೂ ಸಂಬಂಧವಿಲ್ಲ. ನೀವು ಗೇರ್ ಬದಲಿಸಿದರೆ ಬದಲಾಗುವುದು ನಿಮ್ಮ ಕಾಲಿನ ಪಾಲು ಮಾತ್ರ; ಮೋಟಾರಿನ ವೇಗ ಚಕ್ರದ ವೇಗಕ್ಕೇ ಕಟ್ಟುಬಿದ್ದಿರುತ್ತದೆ. ಅದು ಸಲೀಸಾಗಿ ಕೆಲಸ ಮಾಡುವುದು 15ರಿಂದ 20ರ ವೇಗದಲ್ಲಿ. ಏರಿನಲ್ಲಿ ವೇಗ 8ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತಂತಿಯ ಸುರುಳಿಯಲ್ಲಿ ಶಾಖವಾಗಿ ಹೋಗುತ್ತದೆ. ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಕಂಟ್ರೋಲರ್ ಒಳ್ಳೆಯದಾದರೆ ಕರೆಂಟ್ ಕಡಿದು ಮೋಟಾರನ್ನು ಉಳಿಸುತ್ತದೆ. ಇಲ್ಲವಾದರೆ ಒಳಗಿನ ನೈಲಾನ್ ಹಲ್ಲುಚಕ್ರಗಳು ಮೆತ್ತಗಾಗಿ ಸವೆಯುತ್ತವೆ. ಆಮೇಲೆ ಹೊರಡುವಾಗ ಕಟಕಟ ಸದ್ದು ಶುರು.

ಏರು ಸಿಗುವ ಮೊದಲೇ ಸಣ್ಣ ಗೇರಿಗೆ ಬನ್ನಿ. ನಿಮಿಷಕ್ಕೆ 60–70 ಸುತ್ತು ತುಳಿಯುತ್ತಾ 10–12ರ ವೇಗ ಹಿಡಿದಿಡಿ. ಉಸಿರು ಕಟ್ಟಿ ವೇಗ 8ಕ್ಕೆ ಬಿತ್ತೆಂದರೆ ಹಠ ಬೇಡ, ಅಗಲವಾದ ತಿರುವಿನಲ್ಲಿ ಹತ್ತು ನಿಮಿಷ ನಿಲ್ಲಿ. ಕೈ ಹತ್ತಿರ ಹಿಡಿದು ಹಬ್‌ನ ಬಿಸಿ ನೋಡಿ. ಮುಟ್ಟಿದ ಕೈ ತಟ್ಟನೆ ಹಿಂದೆಗೆಯುವಷ್ಟಿದ್ದರೆ ಇನ್ನೂ ಹತ್ತು ನಿಮಿಷ. ಒಂದೇ ಗೇರಿನ ಸೈಕಲ್ ಆಗಿದ್ದರೆ ನಂದಿಗೆ ಹೋಗಬೇಡಿ ಎಂದೇ ಹೇಳುತ್ತೇವೆ.

ಇಳಿಯುವುದು ಇನ್ನೂ ದೊಡ್ಡ ವಿಷಯ. ಏರುವಾಗ ಸೇರಿದ ಶಕ್ತಿಯ ಬಹುಪಾಲು ಇಳಿಯುವಾಗ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಗಬೇಕು. ಹೊರಡುವ ಹಿಂದಿನ ದಿನ ಪ್ಯಾಡ್ ನೋಡಿ: ಲೋಹದ ತಗಡಿನ ಮೇಲಿನ ಪದರ 1 ಮಿ.ಮೀ.ಗಿಂತ ತೆಳ್ಳಗಿದ್ದರೆ ಬದಲಿಸಿ. ಕೇಬಲ್ ಬ್ರೇಕಿನ ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಒಳಗೆ ಬರಬಾರದು. ಇಳಿಯುವಾಗ ಬ್ರೇಕನ್ನು ಒತ್ತಿಯೇ ಹಿಡಿಯಬೇಡಿ. ತಿರುವಿಗೆ ಮೊದಲು ಎರಡನ್ನೂ ಬಲವಾಗಿ ಒತ್ತಿ ವೇಗ ಇಳಿಸಿ, ಬಿಡಿ, ತಣಿಯಲಿ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ. ಡಿಸ್ಕ್‌ಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಬೆಟ್ಟದ ಗೇಟಿನ ಸಮಯ, ವಾರಾಂತ್ಯದ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿ.

ಪ್ರಶ್ನೆ: ಇಳಿಜಾರಿನಲ್ಲಿ ಬ್ಯಾಟರಿ ತಾನೇ ಚಾರ್ಜ್ ಆಗುವುದಿಲ್ಲವೇ? — ಚಿಕ್ಕಬಳ್ಳಾಪುರದ ಓದುಗರು

ಇಲ್ಲ. ಈ ಸೈಕಲ್‌ಗಳ ಹಬ್ ಮೋಟಾರಿನ ಒಳಗೆ ಫ್ರೀವೀಲ್ ಇರುತ್ತದೆ. ಚಕ್ರ ಉರುಳಿದರೂ ಮೋಟಾರ್ ತಿರುಗುವುದಿಲ್ಲ, ವಿದ್ಯುತ್ ಹುಟ್ಟುವುದಿಲ್ಲ. ಬ್ಯಾಟರಿ ಖಾಲಿಯಾದಾಗ ಸೈಕಲ್ ಹಗುರಾಗಿ ತುಳಿಯಲು ಬರುವುದೂ ಅದೇ ಫ್ರೀವೀಲ್‌ನಿಂದ.

ಪ್ರಶ್ನೆ: ಏರು ಬಂದ ಕೂಡಲೇ ಡಿಸ್‌ಪ್ಲೇಯಲ್ಲಿ ಐದು ಗೆರೆ ಇದ್ದದ್ದು ಎರಡಾಗುತ್ತದೆ, ಸಮತಟ್ಟಿಗೆ ಬಂದರೆ ಮತ್ತೆ ನಾಲ್ಕು. ಬ್ಯಾಟರಿ ಕೆಟ್ಟಿದೆಯೇ? — ಧಾರವಾಡದ ಓದುಗರು

ಕೆಟ್ಟಿರಬೇಕೆಂದೇನಿಲ್ಲ. ಗೆರೆಗಳು ತೋರಿಸುವುದು ವೋಲ್ಟೇಜನ್ನು. ಮೋಟಾರ್ ಜೋರಾಗಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಗ್ಗುತ್ತದೆ, ಬಿಟ್ಟಾಗ ಮೇಲೆ ಬರುತ್ತದೆ. ನಿಂತು ಎರಡು ಮೂರು ನಿಮಿಷ ಬಿಟ್ಟು ನೋಡಿದ ಅಂಕಿಯೇ ನಿಜ. ಡಿಸ್‌ಪ್ಲೇ ವೋಲ್ಟ್ ತೋರಿಸುವಂತಿದ್ದರೆ ಅದನ್ನೇ ಇಟ್ಟುಕೊಳ್ಳಿ, ಗೆರೆಗಳಿಗಿಂತ ಎಷ್ಟೋ ವಾಸಿ. 36 ವೋಲ್ಟಿನ ಲಿಥಿಯಂ ಅಯಾನ್ ಬ್ಯಾಟರಿ ಪೂರ್ತಿ ತುಂಬಿದಾಗ 42, 36.5ರ ಹತ್ತಿರ ಅರ್ಧ. 35ಕ್ಕೆ ಬಂದರೆ ಉಳಿದದ್ದು ಸುಮಾರು ಐದನೇ ಒಂದು ಪಾಲು. ಅಲ್ಲಿಂದ ಕೆಳಗೆ ಬಲು ಬೇಗ ಜಾರುತ್ತದೆ, 31ರ ಸುಮಾರಿಗೆ ಒಳಗಿನ ರಕ್ಷಣಾ ಸರ್ಕ್ಯೂಟ್ ಪೂರ್ತಿ ಕಡಿಯುತ್ತದೆ.

ಅನುಮಾನ ಪಡಬೇಕಾದದ್ದು ಹೊಸದರಲ್ಲಿ ಆಗದೆ ಈಗ ಅದೇ ಏರಿನಲ್ಲಿ, ಅದೇ ಗಾಳಿ ಒತ್ತಡದಲ್ಲಿ, ಪೂರ್ತಿ ಚಾರ್ಜ್ ಇದ್ದರೂ ಕುಸಿತ ಹೆಚ್ಚಾಗಿದ್ದರೆ. ಆಗ ಮೊದಲು ಬ್ಯಾಟರಿ ಕೂರುವ ಜಾಗದ ಹಿತ್ತಾಳೆ ತಗಡುಗಳನ್ನು ನೋಡಿ. ಕಪ್ಪಾಗಿದ್ದರೆ ಅಥವಾ ಸಡಿಲವಾಗಿದ್ದರೆ ಅಲ್ಲೇ ವೋಲ್ಟೇಜ್ ನಷ್ಟವಾಗುತ್ತಿರುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಪ್ರಶ್ನೆ: ಮಲ್ಪೆಯಿಂದ ಕೋಡಿಬೆಂಗ್ರೆಗೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಹೋಗುತ್ತೇನೆ. ರಸ್ತೆ ಸಪಾಟು, ಆದರೂ ಬ್ಯಾಟರಿ ಬೇಗ ಇಳಿಯುತ್ತದೆ. — ಉಡುಪಿಯ ಓದುಗರು

ಒಂದು ಕಡೆ ಕಡಲು, ಇನ್ನೊಂದು ಕಡೆ ಸುವರ್ಣಾ ನದಿ. ಬ್ಯಾಟರಿ ಸೈಕಲ್‌ಗೆ ಅದಕ್ಕಿಂತ ಚೆಂದದ ದಾರಿ ಕರಾವಳಿಯಲ್ಲಿ ಸಿಗುವುದು ಕಷ್ಟ. ಬ್ಯಾಟರಿ ತಿನ್ನುತ್ತಿರುವುದು ಗಾಳಿ. ನಿಶ್ಚಲ ಗಾಳಿಯಲ್ಲಿ 25ರ ವೇಗಕ್ಕೆ ಗಾಳಿಯನ್ನು ಸೀಳಲು 110 ವ್ಯಾಟ್ ಬೇಕಾದರೆ, ಎದುರಿನಿಂದ 15 ಕಿ.ಮೀ. ವೇಗದ ಗಾಳಿ ಬೀಸಿದಾಗ ಅದೇ ವೇಗಕ್ಕೆ 280 ಬೇಕು. ಏರಿದ್ದರೆ ಕಣ್ಣಿಗೆ ಕಾಣುತ್ತದೆ, ಗಾಳಿ ಕಾಣುವುದಿಲ್ಲ, ಹಾಗಾಗಿ ಜನ ಬ್ಯಾಟರಿಯನ್ನು ಬೈಯುತ್ತಾರೆ.

ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಪಶ್ಚಿಮ–ವಾಯವ್ಯದಿಂದ ಕಡಲ ಗಾಳಿ ಏಳುತ್ತದೆ. ಬೆಂಗ್ರೆ ಇರುವುದು ಉತ್ತರಕ್ಕೆ. ಬೆಳಗ್ಗೆ ಗಾಳಿ ಏಳುವ ಮೊದಲೇ ಬೆಂಗ್ರೆ ಮುಟ್ಟಿ, ಮಧ್ಯಾಹ್ನ ಮಲ್ಪೆಗೆ ಮರಳಿದರೆ ಗಾಳಿ ಬೆನ್ನಿಗೆ ಸಿಗುತ್ತದೆ. ಎದುರುಗಾಳಿ ಸಿಕ್ಕಿತೇ, ವೇಗ 18ಕ್ಕೆ ಇಳಿಸಿ; ಪ್ರತಿ ಕಿಲೋಮೀಟರಿನ ಖರ್ಚು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ.

ಉಪ್ಪಿನ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಮನೆಗೆ ಬಂದ ದಿನವೇ ಬ್ಯಾಟರಿ ಬಿಚ್ಚಿಟ್ಟು, ಚೊಂಬಿನಲ್ಲಿ ಸಿಹಿನೀರು ಹಾಕಿ ಸೈಕಲ್ ತೊಳೆಯಿರಿ, ಒರೆಸಿ, ಚೈನಿಗೆ ಎಣ್ಣೆ ಬಿಡಿ. ಮೋಟಾರ್ ಕನೆಕ್ಟರ್‌ನ ಒಳಗೆ ವರ್ಷಕ್ಕೆರಡು ಸಲ ಒಂದು ಚೂರು ಸಿಲಿಕಾನ್ ಗ್ರೀಸ್ ಹಚ್ಚಿದರೆ ಪಿನ್ನುಗಳು ಹಸಿರುಗಟ್ಟುವುದಿಲ್ಲ. ಒದ್ದೆ ಮರಳಿನ ಮೇಲೆ ಓಡಿಸಬೇಡಿ.

ಪ್ರಶ್ನೆ: ಹಿಂದಿನ ಚಕ್ರ ಪಂಕ್ಚರ್ ಆದರೆ ಹಳ್ಳಿಯ ಅಂಗಡಿಯವರು ಮೋಟಾರ್ ನೋಡಿ ಮುಟ್ಟುವುದೇ ಇಲ್ಲ. ಏನು ಮಾಡಲಿ? — ಶಿವಮೊಗ್ಗದ ಓದುಗರು

ಚಕ್ರ ಬಿಚ್ಚದೆಯೇ ಪಂಕ್ಚರ್ ಹಾಕಬಹುದು. ಇದನ್ನು ಮನೆಯಲ್ಲಿ ಒಮ್ಮೆ ಮಾಡಿ ಕಲಿತುಕೊಂಡರೆ ದೂರದ ಸವಾರಿಗೆ ಧೈರ್ಯ ಬರುತ್ತದೆ. ಬೇಕಾದದ್ದು ಎರಡು ಟಯರ್ ಲಿವರ್, ಪ್ಯಾಚು, ರಬ್ಬರ್ ಸೊಲ್ಯೂಷನ್, ಒರಟು ಕಾಗದ, ಕೈಪಂಪು.

ಸ್ವಿಚ್ ಆಫ್ ಮಾಡಿ, ಬ್ಯಾಟರಿ ತೆಗೆದಿಡಿ. ಸೈಕಲ್ ತಲೆಕೆಳಗು ಮಾಡುವಾಗ ಡಿಸ್‌ಪ್ಲೇ ಕೆಳಗೆ ಬಟ್ಟೆ ಹಾಕಿ. ಗಾಳಿ ಹೊಡೆದು ಚಕ್ರ ನಿಧಾನಕ್ಕೆ ತಿರುಗಿಸುತ್ತಾ ಕಿವಿಗೊಟ್ಟು ತೂತಿನ ಜಾಗ ಹುಡುಕಿ, ಗುರುತು ಮಾಡಿ. ಗಾಳಿ ಪೂರ್ತಿ ಬಿಟ್ಟು, ಗುರುತಿನ ಆಚೀಚೆ ಒಂದಡಿಯಷ್ಟು ಜಾಗದಲ್ಲಿ, ಕೇಬಲ್ ಇಲ್ಲದ ಬದಿಯಿಂದ ಟಯರ್ ಎಬ್ಬಿಸಿ. ಟ್ಯೂಬಿನ ಅಷ್ಟು ಭಾಗ ಮಾತ್ರ ಹೊರಗೆಳೆದು, ಉಜ್ಜಿ, ಸೊಲ್ಯೂಷನ್ ಹಚ್ಚಿ ಮೂರರಿಂದ ಐದು ನಿಮಿಷ ಕಾಯಿರಿ. ಹೊಳಪು ಹೋಗಿ ಬೆರಳಿಗೆ ಅಂಟದಂತಾದ ಮೇಲೆ ಪ್ಯಾಚು ಒತ್ತಿ. ಅವಸರದಲ್ಲಿ ಹಸಿ ಇರುವಾಗಲೇ ಅಂಟಿಸುವುದರಿಂದಲೇ ಹೆಚ್ಚಿನ ಪ್ಯಾಚುಗಳು ಬಿಡುತ್ತವೆ. ಟ್ಯೂಬ್ ಒಳಗೆ ತಳ್ಳುವ ಮೊದಲು ಟಯರಿನ ಒಳಮೈಯಲ್ಲಿ ಬಟ್ಟೆ ಎಳೆಯಿರಿ; ಮುರಿದ ಮುಳ್ಳು ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ.

ವಾಲ್ವ್ ಬುಡದಲ್ಲಿ ಹರಿದಿದ್ದರೆ ಮಾತ್ರ ಚಕ್ರ ಬಿಚ್ಚಲೇಬೇಕು. ಮೋಟಾರ್ ಕೇಬಲಿನ ಕನೆಕ್ಟರನ್ನು ತಿರುಚದೆ ನೇರವಾಗಿ ಎಳೆಯಿರಿ, ಮತ್ತೆ ಸೇರಿಸುವಾಗ ಎರಡೂ ಬದಿಯ ಬಾಣದ ಗುರುತು ಎದುರುಬದುರಾಗಿರಲಿ. ಆಕ್ಸಲ್ ನಟ್ಟಿಗೆ ಬಹುತೇಕ 18ರ ಪಾನಾ. ನಿಮ್ಮದು ಎಷ್ಟೆಂದು ಮನೆಯಲ್ಲೇ ನೋಡಿಕೊಂಡು ಆ ಪಾನಾವನ್ನೇ ಚೀಲದಲ್ಲಿಡಿ. ಕೊಕ್ಕೆ ಇರುವ ವಾಷರ್ ಯಾವ ಕಡೆ, ಹೇಗೆ ಕೂತಿತ್ತು ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಆಕ್ಸಲ್ ತಾನೇ ತಿರುಗದಂತೆ ಹಿಡಿಯುವುದು ಅದೇ. ಅದನ್ನು ಬಿಟ್ಟು ಜೋಡಿಸಿದರೆ ಮೊದಲ ಏರಿನಲ್ಲೇ ಆಕ್ಸಲ್ ಸುತ್ತಿ ಕೇಬಲ್ ಕತ್ತರಿಸಿ ಹೋಗುತ್ತದೆ. ನಟ್ಟು ಬಿಗಿಯಾಗಿರಲಿ: ಒಂದಡಿ ಉದ್ದದ ಪಾನಾದ ತುದಿಗೆ 12–13 ಕೆ.ಜಿ. ಭಾರ ಬಿಟ್ಟಷ್ಟು.

ಜಾಲಿ ಮುಳ್ಳಿನ ಸೀಮೆಯಲ್ಲಿ ಓಡಾಡುವವರು ಟ್ಯೂಬಿಗೆ ಮೊದಲೇ 100–120 ಮಿ.ಲೀ. ಸೀಲೆಂಟ್ (ಸಣ್ಣ ತೂತನ್ನು ಒಳಗಿಂದಲೇ ಮುಚ್ಚುವ ದ್ರವ) ಹಾಕಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ದಾರಿಯಲ್ಲಿ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಚಾರ್ಜ್ ಮಾಡಬಹುದೇ? ಹೋಟೆಲಿನವರಿಗೆ ಹೊರೆಯಾಗುವುದಿಲ್ಲವೇ? — ತುಮಕೂರಿನ ಓದುಗರು

ಮಾಡಬಹುದು. 2 ಆಂಪಿಯರ್ ಚಾರ್ಜರ್ ಎಳೆಯುವುದು ನೂರು ವ್ಯಾಟ್ ಆಸುಪಾಸು. ಮೊಬೈಲಿಗೆ ಬಳಸುವ ಮಾಮೂಲಿ 5 ಆಂಪಿಯರ್ ಸಾಕೆಟ್ ಸಾಕು. ಬ್ಯಾಟರಿ ಪೂರ್ತಿ ತುಂಬಿದರೂ ಅರ್ಧ ಯೂನಿಟ್ ದಾಟುವುದಿಲ್ಲ. ಆದರೂ ಕೇಳಿ ಹಾಕಿ, ಬಿಲ್ಲಿನ ಜೊತೆ ಹತ್ತಿಪ್ಪತ್ತು ರೂಪಾಯಿ ಕೊಡಿ.

ಒಂದು ಗಂಟೆಯಲ್ಲಿ ಸೇರುವುದು 2 ಆಂಪಿಯರ್-ಅವರ್, ಅಂದರೆ ತುಳಿಯುತ್ತಾ ಹೋದರೆ ಹತ್ತು ಹನ್ನೆರಡು ಕಿ.ಮೀ. ಇದನ್ನು ಲೆಕ್ಕದಲ್ಲಿ ಹಿಡಿದು ದಾರಿ ಹಾಕಿಕೊಳ್ಳಬೇಡಿ, ಕರೆಂಟ್ ಇರದಿದ್ದರೆ ಕಷ್ಟ. ಸಿಕ್ಕರೆ ಲಾಭ ಎಂದಿಟ್ಟುಕೊಳ್ಳಿ. ಬಿಸಿಲಿನಲ್ಲಿ ಬಂದ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಹಾಕಬಾರದು. ಸೆಲ್‌ಗಳು 45 ಡಿಗ್ರಿಗಿಂತ ಬಿಸಿ ಇರುವಾಗ ಚಾರ್ಜ್ ಮಾಡಿದರೆ ಆಯಸ್ಸು ಕುಗ್ಗುತ್ತದೆ. ಮೊದಲು ಬ್ಯಾಟರಿ ಬಿಚ್ಚಿ ಮೇಜಿನ ಕೆಳಗೆ ನೆರಳಿನಲ್ಲಿಡಿ, ಊಟ ಬಂದ ಮೇಲೆ ಪ್ಲಗ್ ಹಾಕಿ. ಚಾರ್ಜ್ ಆಗುತ್ತಿರುವಾಗ ಚಾರ್ಜರನ್ನು ಚೀಲದೊಳಗಿಡಬೇಡಿ, ಅದಕ್ಕೂ ಗಾಳಿ ಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಒಂದೊಂದು ಸಲ ಪೆಡಲ್ ತುಳಿದರೂ ಮೋಟಾರ್ ಸೇರುವುದಿಲ್ಲ. — ಸಾಗರದ ಓದುಗರು

ಥ್ರಾಟಲ್ ತಿರುಗಿಸಿ ನೋಡಿ. ಥ್ರಾಟಲಿಗೆ ಓಡಿದರೆ ದೋಷ ಪೆಡಲ್ ಸೆನ್ಸರಿನದು. ಪೆಡಲ್ ಅಚ್ಚಿನ ಸುತ್ತ ಸಣ್ಣ ಆಯಸ್ಕಾಂತಗಳಿರುವ ಬಿಲ್ಲೆ, ಅದರೆದುರು ಸೆನ್ಸರ್ ಇರುತ್ತದೆ. ನಡುವಿನ ಸಂದು ಎರಡು ಮೂರು ಮಿ.ಮೀ. ಮಾತ್ರ. ಅಲ್ಲಿ ಕೆಸರು ಕೂತರೆ ಅಥವಾ ಬಿಲ್ಲೆ ಸರಿದರೆ ಮೋಟಾರಿಗೆ ನೀವು ತುಳಿಯುತ್ತಿರುವುದೇ ಗೊತ್ತಾಗುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಒರೆಸಿ.

ಥ್ರಾಟಲಿಗೂ ಓಡದಿದ್ದರೆ ಬ್ರೇಕ್ ಲಿವರ್ ನೋಡಿ. ಲಿವರ್ ಒತ್ತಿದಾಗ ಮೋಟಾರ್ ಕಡಿಯುವ ಸ್ವಿಚ್ ಅದರಲ್ಲಿರುತ್ತದೆ. ಕೆಸರು, ನೀರು ಸೇರಿ ಲಿವರ್ ಪೂರ್ತಿ ಹಿಂದಕ್ಕೆ ಬಾರದಿದ್ದರೆ ಬ್ರೇಕ್ ಹಿಡಿದೇ ಇದ್ದೀರಿ ಎಂದು ಕಂಟ್ರೋಲರ್ ತಿಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ಇದು ತೀರಾ ಸಾಮಾನ್ಯ. ಬೆರಳಿನಿಂದ ಲಿವರನ್ನು ಹೊರಗೆ ತಳ್ಳಿ ನೋಡಿ, ಕೀಲಿಗೆ ಒಂದು ಹನಿ ಎಣ್ಣೆ ಬಿಡಿ.

ತುಂತುರು, ಸಾಧಾರಣ ಮಳೆಗೆ ಹೆದರಬೇಕಿಲ್ಲ. ಹಳ್ಳ ದಾಟುವಾಗ ನೀರು ಹಬ್‌ನ ನಡುವಿನ ಅಚ್ಚಿನವರೆಗೆ ಬರುತ್ತದೆಂದರೆ ದಾಟಬೇಡಿ. ಚಾರ್ಜಿಂಗ್ ಪೋರ್ಟಿನ ರಬ್ಬರ್ ಮುಚ್ಚಳ ಕಿತ್ತುಹೋಗಿದ್ದರೆ ಮೊದಲು ಹೊಸದು ಹಾಕಿಸಿ. ಬ್ಯಾಟರಿಯೇ ನೀರಿನಲ್ಲಿ ಮುಳುಗಿತ್ತೆಂದರೆ ಒಣಗಿದಂತೆ ಕಂಡರೂ ಚಾರ್ಜಿಗೆ ಹಾಕಬೇಡಿ, ಮನೆಯೊಳಗೂ ಇಡಬೇಡಿ. ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಪ್ರಶ್ನೆ: ಅಮ್ಮನಿಗೆ 60 ದಾಟಿದೆ, ಮಂಡಿನೋವು. ಸೈಕಲ್ ಅವರಿಗೆ ಆಸೆ. — ಹಾಸನದ ಓದುಗರು

ವೈದ್ಯರು ತುಳಿಯಬಹುದು ಎಂದರೆ ಖಂಡಿತ ಕೊಡಿಸಿ. ಟಾರ್ಕ್ ಸೆನ್ಸರ್ ಇರುವುದನ್ನೇ ನೋಡಿ. ಅದು ಕಾಲು ಒತ್ತಿದಷ್ಟಕ್ಕೆ ತಕ್ಕ ಸಹಾಯ ಕೊಡುತ್ತದೆ. ಅಗ್ಗದ ಸೈಕಲ್‌ಗಳ ಸೆನ್ಸರ್ ಪೆಡಲ್ ತಿರುಗಿತೇ ಇಲ್ಲವೇ ಎಂದಷ್ಟೇ ನೋಡುತ್ತದೆ. ಅರ್ಧ ಸುತ್ತು ತಡವಾಗಿ ಒಮ್ಮೆಲೇ ಎಳೆಯುತ್ತದೆ, ವಯಸ್ಸಾದವರು ಅಲ್ಲೇ ತತ್ತರಿಸುತ್ತಾರೆ. ಕೆಳಗಿಳಿದ ಫ್ರೇಮಿನ ಸೈಕಲ್ ಆದರೆ ಸೀರೆಯಲ್ಲೋ ಚೂಡಿದಾರದಲ್ಲೋ ಹತ್ತಿಳಿಯುವುದು ಸುಲಭ. ಚೈನ್ ಕವರ್ ಇರಲಿ. ಸೀಟಿನ ಎತ್ತರ ಹೀಗಿರಲಿ: ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ನೇರವಾಗಬೇಕು. ಸೀಟು ತಗ್ಗಿದ್ದರೆ ಮಂಡಿಯ ಮೇಲೆ ಒತ್ತಡ ಹೆಚ್ಚುತ್ತದೆ. ಮೊದಲ ಕೆಲವು ದಿನ ಖಾಲಿ ಮೈದಾನದಲ್ಲಿ ಅಸಿಸ್ಟ್ 1ರಲ್ಲೇ ಅಭ್ಯಾಸ ಆಗಲಿ, ನೆಲಕ್ಕೆ ಕಾಲು ಊರುವಂತೆ ಸೀಟನ್ನು ಆ ದಿನಗಳಿಗೆ ಮಾತ್ರ ತುಸು ಇಳಿಸಿಡಬಹುದು.

ಪ್ರಶ್ನೆ: ಇದಕ್ಕೆ ನಂಬರ್ ಪ್ಲೇಟ್, ಲೈಸೆನ್ಸ್ ಬೇಕೇ? 25ರ ಮಿತಿ ತೆಗೆದು ಕೊಡುತ್ತೇನೆಂದು ಮೆಕ್ಯಾನಿಕ್ ಹೇಳುತ್ತಾರೆ. — ಬೆಂಗಳೂರಿನ ಓದುಗರು

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರ್ ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ 25 ಕಿ.ಮೀ. ಮೀರದಂತಿರುವ ಗಾಡಿ ಮೋಟಾರು ವಾಹನ ಅಲ್ಲ. ನೋಂದಣಿಯೂ ಲೈಸೆನ್ಸೂ ಬೇಡ. ಕಂಪನಿ ಕೊಟ್ಟ ಅನುಮೋದನೆ ಪತ್ರದ ಪ್ರತಿ ಮೊಬೈಲ್‌ನಲ್ಲಿರಲಿ. ಮಿತಿ ತೆಗೆಸಿದ ಕ್ಷಣ ಅದು ನೋಂದಣಿಯಿಲ್ಲದ ಮೋಟಾರು ವಾಹನ. ಯಾರಿಗಾದರೂ ತಾಗಿಸಿದರೆ ಜವಾಬ್ದಾರಿ ಪೂರ್ತಿ ನಿಮ್ಮದು. ಬ್ರೇಕು, ಸ್ಪೋಕು ಎಲ್ಲವನ್ನೂ 25ಕ್ಕೆಂದೇ ಮಾಡಿರುತ್ತಾರೆ. ತೆಗೆಸಬೇಡಿ. ಹೆಲ್ಮೆಟ್ ಮಾತ್ರ ಕಾನೂನು ಕೇಳದಿದ್ದರೂ ಹಾಕಿ.

ಪ್ರಶ್ನೆ: ಗುಂಡ್ಲುಪೇಟೆ ಸುತ್ತ ಸೂರ್ಯಕಾಂತಿ ಅರಳುವ ಕಾಲದಲ್ಲಿ ಗೋಪಾಲಸ್ವಾಮಿ ಬೆಟ್ಟದವರೆಗೆ ಸೈಕಲ್‌ನಲ್ಲಿ ಹೋಗಬಹುದೇ? — ಚಾಮರಾಜನಗರದ ಓದುಗರು

ಗುಂಡ್ಲುಪೇಟೆಯಿಂದ ಹಂಗಳ ದಾಟಿ ಬೆಟ್ಟದ ಬುಡದವರೆಗೆ ಹೋಗಿ. ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಸಿಗುವುದೇ ಆ ದಾರಿಯಲ್ಲಿ, ಏರೂ ತೀರಾ ಇಲ್ಲ. ಹೊಲಕ್ಕೆ ಇಳಿಯುವ ಮುನ್ನ ರೈತರನ್ನು ಕೇಳಿ. ಫೋಟೊಗೆಂದು ನುಗ್ಗಿ ಗಿಡ ಮುರಿಯುವವರಿಂದ ಅವರು ಬೇಸತ್ತಿದ್ದಾರೆ.

ಬೆಟ್ಟದ ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಬುಡದಿಂದ ಸರ್ಕಾರಿ ಬಸ್ ಇದೆ. ಅದು ಬಂಡೀಪುರದ ಹುಲಿ ರಕ್ಷಿತಾರಣ್ಯ. ಬ್ಯಾಟರಿ ಸೈಕಲ್‌ಗೆ ಸದ್ದಿಲ್ಲ, ತಿರುವಿನಲ್ಲಿ ಆನೆಗೂ ನಿಮಗೂ ಒಬ್ಬರ ಸುಳಿವು ಇನ್ನೊಬ್ಬರಿಗೆ ಸಿಗುವುದಿಲ್ಲ. ಇದೇ ಕಾರಣಕ್ಕೆ ಹೆದ್ದಾರಿಯಲ್ಲೂ ಬಂಡೀಪುರದ ಕಾಡಿನೊಳಗೆ ಸೈಕಲ್ ತುಳಿಯಬೇಡಿ. ಬುಡದಲ್ಲಿ ಸೈಕಲ್‌ಗೆ ಫ್ರೇಮ್ ಸಮೇತ ಬೀಗ ಹಾಕಿ ನಿಲ್ಲಿಸಿ. ಬ್ಯಾಟರಿ ಎರಡು ಎರಡೂವರೆ ಕೆ.ಜಿ. ಇರಬಹುದು, ಅದನ್ನು ಬಿಚ್ಚಿ ಬೆನ್ನಿನ ಚೀಲದಲ್ಲಿಟ್ಟುಕೊಂಡೇ ಬಸ್ ಹತ್ತಿ. ಬ್ಯಾಟರಿ ಬಿಸಿಲಿನಲ್ಲಿ ಬಿಸಿಯಾಗುವುದೂ ತಪ್ಪುತ್ತದೆ, ಕಳುವಿನ ಭಯವೂ ಇಲ್ಲ.